ಹಿಮದ ಹರಳೂ ವಿಮರ್ಶೆಯ ಧರ್ಮವೂ : ಬೆಂಟ್ಲಿಯ ಛಾಯಾಚಿತ್ರಗಳನ್ನು ಕುರಿತ ಒಂದು ವಿವಾದ

೧

ಛಾಯಾಗ್ರಹಣದ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಎರಡು ವಿಷಯಗಳಿಗೆ ಹೆಚ್ಚಿನ ಗಮನವನ್ನು ಕೊಟ್ಟಿದ್ದಾರೆ. ಯಂತ್ರಗಳ ಮತ್ತು ರಾಸಾಯನಿಕ ಕ್ರಮಗಳ ಬೆಳವಣಿಗೆ ಒಂದು. ಪ್ರಸಿದ್ಧ ಛಾಯಾಗ್ರಾಹಕರ ಕೃತಿಗಳ ವಿವೇಚನೆ ಇನ್ನೊಂದು. ಇವೆರಡರ ನಡುವೆ ಮೂರನೆಯದೊಂದು ವಿಷಯ ಉಪೇಕ್ಷೆಗೆ ಪಾತ್ರವಾಗಿದೆ. ಒಬ್ಬನು ತೆಗೆದ ಚಿತ್ರವನ್ನು ಮತ್ತೊಬ್ಬನು ನೋಡಿ ಅದರ ಗುಣದೋಷಗಳನ್ನು ಹೇಳಿದಾಗ, ಆ ಮಾತು ಯಾವ ಪ್ರಮಾಣದ ಮೇಲೆ ನಿಂತಿತ್ತು? ಚಿತ್ರ ತೆಗೆದವನು ಅದನ್ನು ಹೇಗೆ ಸ್ವೀಕರಿಸಿದನು? ಅದರಿಂದ ಜ್ಞಾನಕ್ಕೆ ಏನು ಲಾಭವಾಯಿತು? ಈ ಪ್ರಶ್ನೆಗಳು ಚಿಕ್ಕವಾಗಿ ಕಾಣಬಹುದು. ಆದರೆ ಚಿತ್ರವನ್ನೂ ಲಿಖಿತ ದಾಖಲೆಯಂತೆಯೇ ಆಧಾರವೆಂದು ಎಣಿಸುವ ಚರಿತ್ರೆಯ ವಿದ್ಯಾರ್ಥಿಗೆ ಇವು ಚಿಕ್ಕವಲ್ಲ.

ನಿಸರ್ಗದ ಸಣ್ಣ ವಸ್ತುಗಳನ್ನು ಹತ್ತಿರದಿಂದ, ಹಿಗ್ಗಿಸಿ ತೆಗೆಯುವ ಚಿತ್ರಗಳ ವಿಷಯದಲ್ಲಿ ಈ ಪ್ರಶ್ನೆಗಳು ಇನ್ನೂ ತೀಕ್ಷ್ಣವಾಗುತ್ತವೆ. ಬೆಟ್ಟದ ಅಥವಾ ದೇವಾಲಯದ ಚಿತ್ರವನ್ನು ನೋಡಿದವನು ಬೇಕಾದರೆ ಆ ಸ್ಥಳಕ್ಕೆ ಹೋಗಿ ಪರೀಕ್ಷಿಸಬಹುದು. ಕೀಟದ ಕಣ್ಣನ್ನೋ ಹೂವಿನ ಪರಾಗವನ್ನೋ ಬರಿಯ ಕಣ್ಣಿನಿಂದ ಪರೀಕ್ಷಿಸುವುದು ಸಾಧ್ಯವಿಲ್ಲ. ಹಿಮದ ಹರಳಿನ ಮಾತಂತೂ ಹೇಳಬೇಕಾಗಿಯೇ ಇಲ್ಲ. ಚಿತ್ರ ತೆಗೆದ ಕೆಲವು ನಿಮಿಷಗಳಲ್ಲಿಯೇ ಮೂಲವಸ್ತು ಕರಗಿಯೋ ಆವಿಯಾಗಿಯೋ ಹೋಗಿರುತ್ತದೆ. ಅಲ್ಲಿ ಉಳಿಯುವುದು ಚಿತ್ರವೊಂದೇ, ಅದನ್ನು ತೆಗೆದವನ ಪ್ರಾಮಾಣಿಕತೆಯೊಂದೇ. ಈ ಕಾರಣದಿಂದ, ಅಮೆರಿಕದ ಒಬ್ಬ ಹವ್ಯಾಸಿಯ ಹಿಮಚಿತ್ರಗಳನ್ನು ಕುರಿತು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಡೆದ ವಿವಾದವನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೨

ಹಿಮದ ಹರಳಿಗೆ ಆರು ಮೂಲೆಗಳಿರುವುದು ಬಹು ಹಿಂದಿನಿಂದಲೂ ತಿಳಿದ ಸಂಗತಿ. ಕೆಪ್ಲರನು ೧೬೧೧ರಲ್ಲಿ ಇದರ ಕಾರಣವನ್ನು ಕುರಿತು ಒಂದು ಚಿಕ್ಕ ಗ್ರಂಥವನ್ನೇ ಬರೆದನು. ರಾಬರ್ಟ್ ಹುಕ್ ೧೬೬೫ರಲ್ಲಿ ಪ್ರಕಟಿಸಿದ ಸೂಕ್ಷ್ಮದರ್ಶಕ ಗ್ರಂಥದಲ್ಲಿ ಹರಳುಗಳ ರೇಖಾಚಿತ್ರಗಳಿವೆ. ತಿಮಿಂಗಿಲದ ಬೇಟೆಗೆ ಹೋಗುತ್ತಿದ್ದ ವಿಲಿಯಂ ಸ್ಕೋರ್ಸ್‌ಬಿ ೧೮೨೦ರಲ್ಲಿ ಉತ್ತರಧ್ರುವ ಪ್ರದೇಶದ ಹರಳುಗಳ ಚಿತ್ರಗಳನ್ನು ಪ್ರಕಟಿಸಿದನು. ಜಪಾನಿನ ಸಾಮಂತನಾದ ದೋಯಿ ತೋಶಿತ್ಸುರ ೧೮೩೨ರಲ್ಲಿ ಹರಳುಗಳ ಚಿತ್ರಸಂಪುಟವೊಂದನ್ನು ಹೊರತಂದನು. ಇವೆಲ್ಲವೂ ಕೈಯಿಂದ ಬರೆದ ಚಿತ್ರಗಳು. ಬಹುಮಟ್ಟಿಗೆ ಎಲ್ಲವೂ ಪೂರ್ಣ ಸೌಷ್ಠವವುಳ್ಳವು. ಆರು ಬಾಹುಗಳಲ್ಲಿ ಒಂದನ್ನು ಕಂಡು ಬರೆದರೆ ಉಳಿದ ಐದನ್ನು ಕೈ ತಾನಾಗಿಯೇ ತುಂಬಿಕೊಡುತ್ತಿತ್ತೆಂದು ಹೇಳಿದರೆ ತಪ್ಪಾಗಲಾರದು. ಕರಗುವ ಮೊದಲೇ ಬರೆದು ಮುಗಿಸಬೇಕಾದವನಿಗೆ ಬೇರೆ ಉಪಾಯವೂ ಇರಲಿಲ್ಲ.

ವಿಲ್ಸನ್ ಬೆಂಟ್ಲಿ ೧೮೬೫ರಲ್ಲಿ ಅಮೆರಿಕದ ವೆರ್ಮಾಂಟ್ ಸಂಸ್ಥಾನದ ಜೆರಿಕೊ ಎಂಬ ಗ್ರಾಮದಲ್ಲಿ ರೈತನ ಮಗನಾಗಿ ಹುಟ್ಟಿದನು. ಅವನಿಗೆ ವಿದ್ಯಾಭ್ಯಾಸವಾದದ್ದು ಹೆಚ್ಚಾಗಿ ಮನೆಯಲ್ಲಿಯೇ. ಹಿಂದೆ ಉಪಾಧ್ಯಾಯಿನಿಯಾಗಿದ್ದ ತಾಯಿಯೇ ಅವನ ಗುರು. ಅವಳು ಕೊಟ್ಟ ಹಳೆಯ ಸೂಕ್ಷ್ಮದರ್ಶಕದಲ್ಲಿ ಹಿಮದ ಹರಳುಗಳನ್ನು ನೋಡಿ ಅವನು ಮೊದಲು ರೇಖಾಚಿತ್ರಗಳನ್ನು ಬರೆಯತೊಡಗಿದನು. ಕೈಯ ವೇಗ ಸಾಲದೆಂದು ಮನಗಂಡ ಮೇಲೆ, ಮನೆಯವರು ಕೊಂಡುಕೊಟ್ಟ ಕ್ಯಾಮೆರಾವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ, ಬಹಳ ಪ್ರಯತ್ನಗಳ ತರುವಾಯ ೧೮೮೫ರ ಜನವರಿ ೧೫ರಂದು ಒಂದು ಹರಳಿನ ಛಾಯಾಚಿತ್ರವನ್ನು ತೆಗೆಯುವುದರಲ್ಲಿ ಸಫಲನಾದನು. ಆಗ ಅವನ ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ೧೯೩೧ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೆ, ಬೇಸಾಯವನ್ನು ಬಿಡದೆ, ಐದು ಸಾವಿರಕ್ಕೂ ಹೆಚ್ಚು ಹರಳುಗಳ ಚಿತ್ರಗಳನ್ನು ತೆಗೆದನು.

ಮೊದಲ ಹದಿಮೂರು ವರ್ಷಗಳ ಕಾಲ ಈ ಕಾರ್ಯದ ಗುಣದೋಷಗಳನ್ನು ಹೇಳಬಲ್ಲವರು ಅವನ ಸಮೀಪದಲ್ಲಿ ಒಬ್ಬರೂ ಇರಲಿಲ್ಲವೆಂಬುದು ಗಮನಾರ್ಹವಾದ ಸಂಗತಿ. ೧೮೯೮ರಲ್ಲಿ ವೆರ್ಮಾಂಟ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದ ಜಾರ್ಜ್ ಪರ್ಕಿನ್ಸನ ನೆರವಿನಿಂದ ಅವನ ಮೊದಲ ಲೇಖನ ಒಂದು ಜನಪ್ರಿಯ ವಿಜ್ಞಾನ ಮಾಸಿಕದಲ್ಲಿ ಪ್ರಕಟವಾಯಿತು. ಅನಂತರ ಅಮೆರಿಕದ ಹವಾಮಾನ ಇಲಾಖೆಯ ಮಾಸಪತ್ರಿಕೆಯ ಸಂಪಾದಕನಾಗಿದ್ದ ಕ್ಲೀವ್‌ಲೆಂಡ್ ಆಬ್ ಅವನಿಗೆ ಪ್ರೋತ್ಸಾಹವಿತ್ತನು. ೧೯೦೧-೦೨ರ ಚಳಿಗಾಲದ ಕೆಲಸವನ್ನು ಕುರಿತ ದೀರ್ಘಲೇಖನ ಆ ಪತ್ರಿಕೆಯಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರಗಳೊಡನೆ ಅಚ್ಚಾಯಿತು. ಹರಳಿನ ಆಕಾರವು ಅದು ಹಾದುಬಂದ ಮೋಡದ ಪ್ರದೇಶಗಳ ಸ್ಥಿತಿಯನ್ನು ಸೂಚಿಸುತ್ತದೆಂಬ ವಾದವನ್ನೂ ಬೆಂಟ್ಲಿ ಅಲ್ಲಿ ಮುಂದಿಟ್ಟನು. ಹೀಗೆ ಹವ್ಯಾಸಿಯೊಬ್ಬನ ಚಿತ್ರಗಳು ಶಾಸ್ತ್ರದ ಆಧಾರಗಳಾಗಿ ವಿದ್ವಾಂಸರ ಮುಂದೆ ಬಂದುವು. ಅವರ ವಿಮರ್ಶೆಯೂ ಒಡನೆಯೇ ಬಂತು.

೩

ವಿವಾದವನ್ನು ಅರಿಯಬೇಕಾದರೆ ಬೆಂಟ್ಲಿಯ ಕಾರ್ಯವಿಧಾನವನ್ನು ಸ್ವಲ್ಪ ತಿಳಿದಿರಬೇಕು. ಬೆಂಕಿಯಿಲ್ಲದ ಕೊಠಡಿಯೇ ಅವನ ಪ್ರಯೋಗಶಾಲೆ. ಬೀಳುವ ಹಿಮವನ್ನು ಅವನು ಕಪ್ಪು ಹಲಗೆಯ ಮೇಲೆ ಹಿಡಿಯುತ್ತಿದ್ದನು. ತಕ್ಕುದಾಗಿ ತೋರಿದ ಹರಳನ್ನು ಸಣ್ಣ ಕಡ್ಡಿಯಿಂದ ಎತ್ತಿ ಗಾಜಿನ ಫಲಕದ ಮೇಲಿಟ್ಟು, ಹಕ್ಕಿಯ ಗರಿಯಿಂದ ಮೆಲ್ಲನೆ ಒತ್ತುತ್ತಿದ್ದನು. ತನ್ನ ಉಸಿರು ತಾಗಿದರೂ ಹರಳು ಕೆಡುವುದರಿಂದ ಇದೆಲ್ಲವೂ ಉಸಿರು ಬಿಗಿಹಿಡಿದು ಮಾಡಬೇಕಾದ ಕೆಲಸ. ಆಮೇಲೆ ಕಿಟಕಿಯ ಬೆಳಕು ಹರಳಿನ ಮೂಲಕ ಹಾದು ಬರುವಂತೆ ಯಂತ್ರವನ್ನಿಟ್ಟು ಚಿತ್ರ ತೆಗೆಯುತ್ತಿದ್ದನು.

ಹೀಗೆ ಹಿಂದಿನಿಂದ ಬೆಳಕು ಬಿದ್ದಾಗ ಹರಳಿನ ಒಳರಚನೆ ಚೆನ್ನಾಗಿ ಕಾಣುತ್ತದೆ. ಆದರೆ ಹಿನ್ನೆಲೆಯೂ ಬೆಳ್ಳಗಿರುವುದರಿಂದ ಬೆಳ್ಳನೆಯ ಹರಳು ಅದರಲ್ಲಿ ಮಸುಳಿಹೋಗುತ್ತದೆ. ಇದಕ್ಕೆ ಬೆಂಟ್ಲಿ ಕಂಡುಕೊಂಡ ಪರಿಹಾರವೇ ವಿವಾದದ ಮೂಲ. ನೆಗೆಟಿವ್ ಫಲಕದಲ್ಲಿ ಬೆಳಕಿನ ಭಾಗ ಕಪ್ಪಾಗಿ ಮೂಡಿರುತ್ತದೆ. ಹರಳಿನ ಸುತ್ತಲಿನ ಈ ಕಪ್ಪು ಲೇಪವನ್ನು ಅವನು ಚೂಪಾದ ಕತ್ತಿಯಿಂದ ಕೆರೆದು ತೆಗೆಯುತ್ತಿದ್ದನು. ಕೆರೆದ ಭಾಗ ಸ್ವಚ್ಛವಾದ ಗಾಜಾಗಿ ಉಳಿದು, ಕಾಗದದ ಮೇಲೆ ಅಚ್ಚೊತ್ತಿದಾಗ ಕಡುಗಪ್ಪಾಗಿ ಮೂಡುತ್ತಿತ್ತು. ಕಪ್ಪು ಹಿನ್ನೆಲೆಯ ಮೇಲೆ ಬೆಳಗುವ ಆ ಹರಳುಗಳೇ ಇಂದಿಗೂ ಪ್ರಸಿದ್ಧವಾಗಿರುವ ಬೆಂಟ್ಲಿಯ ಚಿತ್ರಗಳು. ಅವನು ಈ ಕ್ರಮವನ್ನು ಮುಚ್ಚಿಡಲಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಆದರೆ ಹರಳಿನ ಅಂಚಿಗೆ ತಗುಲಿಕೊಂಡೇ ಕತ್ತಿ ಚಲಿಸಬೇಕಾಗಿದ್ದುದರಿಂದ, ಅಂಚಿನ ರೇಖೆಯಲ್ಲಿ ಬೆಳಕು ಬರೆದದ್ದೆಷ್ಟು, ಕೈ ಬರೆದದ್ದೆಷ್ಟು ಎಂಬ ಪ್ರಶ್ನೆ ಏಳುವುದು ಅನಿವಾರ್ಯವಾಗಿತ್ತು.

೪

ಪ್ರಶ್ನೆಯನ್ನೆತ್ತಿದವರು ಬರ್ಲಿನ್ನಿನ ವಿದ್ವಾಂಸರು. ಹವಾಶಾಸ್ತ್ರಜ್ಞನಾದ ಗುಸ್ಟಾಫ್ ಹೆಲ್‌ಮಾನ್ ೧೮೯೩ರಲ್ಲಿಯೇ ಹಿಮದ ಹರಳುಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದ್ದನು. ಅದಕ್ಕೆ ಛಾಯಾಚಿತ್ರಗಳನ್ನು ಒದಗಿಸಿದವನು ವೃತ್ತಿಯಿಂದ ವೈದ್ಯನೂ ಸೂಕ್ಷ್ಮ ಛಾಯಾಗ್ರಹಣದಲ್ಲಿ ನುರಿತವನೂ ಆಗಿದ್ದ ರಿಚರ್ಡ್ ನಾಯ್‌ಹೌಸ್. ಈ ಚಿತ್ರಗಳು ಬಂದಾಗ ಹೆಲ್‌ಮಾನನಿಗೆ ಆದ ಅನುಭವ ವಿಚಾರಯೋಗ್ಯವಾಗಿದೆ. ಹಿಂದಿನ ರೇಖಾಚಿತ್ರಗಳಲ್ಲಿ ಕಾಣುತ್ತಿದ್ದ ಪರಿಪೂರ್ಣ ಸೌಷ್ಠವ ಇವುಗಳಲ್ಲಿ ಇರಲಿಲ್ಲ. ಬಾಹುಗಳು ಉದ್ದಗಿಡ್ಡವಾಗಿದ್ದುವು, ಕೆಲವು ಮುರಿದಿದ್ದುವು, ಅಂಚುಗಳು ಅಸಮವಾಗಿದ್ದುವು. ಆದರೂ ಅವು ನಿಜವಾದ ಹರಳುಗಳ ಪ್ರತಿಬಿಂಬಗಳೆಂಬ ಕಾರಣಕ್ಕಾಗಿ ಹೆಲ್‌ಮಾನ್ ಅವನ್ನೇ ಸ್ವಾಗತಿಸಿದನು. ಚೆಲುವು ಹೋದರೂ ಸತ್ಯ ಬಂತೆಂಬುದು ಅವನ ಭಾವನೆಯ ಸಾರ.

ಹೀಗೆ ತಾವು ಕಷ್ಟದಿಂದ ಬಿಟ್ಟುಕೊಟ್ಟ ಸೌಷ್ಠವವೇ ಹತ್ತು ವರ್ಷಗಳೊಳಗೆ ಅಟ್ಲಾಂಟಿಕ್ ಸಾಗರದ ಆಚೆಯಿಂದ ನೂರಾರು ಛಾಯಾಚಿತ್ರಗಳ ರೂಪದಲ್ಲಿ ತಿರುಗಿ ಬಂದಾಗ ಅವರಿಗೆ ಸಂಶಯ ಹುಟ್ಟಿದ್ದು ಸಹಜ. ಬೆಂಟ್ಲಿ ಹರಳಿನ ಹೊರರೇಖೆಯನ್ನು ಕತ್ತಿಯಿಂದ ಕೆಡಿಸಿದ್ದಾನೆ, ಅಷ್ಟಕ್ಕೇ ನಿಲ್ಲದೆ ಕೆಲವೆಡೆಗಳಲ್ಲಿ ಹರಳಿನ ಒಡಲಿನೊಳಕ್ಕೂ ಕತ್ತಿಯಾಡಿಸಿದ್ದಾನೆ, ಅದರಿಂದ ಹುಟ್ಟಿದ ಆಕೃತಿಗಳು ನಿಸರ್ಗದವಲ್ಲ, ಅವನ ಕೈಯವು ಎಂಬುದು ಬರ್ಲಿನ್ನಿನ ಪಕ್ಷದ ಆಕ್ಷೇಪ. ಬೆಂಟ್ಲಿ ಇದನ್ನು ಒಪ್ಪಲಿಲ್ಲ. ಚಿತ್ರವು ನಿಸರ್ಗಕ್ಕೆ ಆದಷ್ಟು ನಿಷ್ಠವಾಗಿರಬೇಕೆಂಬುದೇ ತನ್ನ ಗುರಿಯೆಂದೂ, ತಿದ್ದುವುದರಿಂದ ಆ ನಿಷ್ಠೆ ಹೆಚ್ಚುವುದಾದರೆ ತಿದ್ದುವುದು ನ್ಯಾಯವೇ ಎಂದೂ ಅವನು ಸಮರ್ಥಿಸಿಕೊಂಡನು. ತನ್ನ ಕ್ರಮವನ್ನು ಬದಲಿಸಲೂ ಇಲ್ಲ.

ಇಬ್ಬರೂ ಸತ್ಯದ ಹೆಸರಿನಲ್ಲಿಯೇ ಮಾತನಾಡಿದರು. ಆದರೆ ಸತ್ಯವೆಂಬ ಶಬ್ದಕ್ಕೆ ಇಬ್ಬರು ಕೊಟ್ಟ ಅರ್ಥ ಬೇರೆ ಬೇರೆಯಾಗಿತ್ತು. ಬೆಂಟ್ಲಿಗೆ ಹರಳು ಸತ್ಯ. ಫಲಕದ ಮೇಲಿನ ಮಸಕು ಯಂತ್ರದ ದೋಷ, ಅದನ್ನು ನೀಗಿದರೆ ಹರಳು ಹೆಚ್ಚು ನಿಜವಾಗಿ ಕಾಣುತ್ತದೆ. ಹೆಲ್‌ಮಾನನಿಗೆ ಮನುಷ್ಯನ ಕೈ ಸೋಕದೆ ಮೂಡಿದ ಫಲಕವೇ ಸತ್ಯ. ಅದರ ದೋಷಗಳೂ ಸಾಕ್ಷ್ಯದ ಭಾಗವೇ. ವಿಜ್ಞಾನದ ಇತಿಹಾಸಕಾರರಾದ ಲೊರೇನ್ ಡಾಸ್ಟನ್ ಮತ್ತು ಪೀಟರ್ ಗ್ಯಾಲಿಸನ್ ೨೦೦೭ರಲ್ಲಿ ಪ್ರಕಟಿಸಿದ, ವಸ್ತುನಿಷ್ಠತೆಯ ಚರಿತ್ರೆಯನ್ನು ಕುರಿತ ಗ್ರಂಥದಲ್ಲಿ ಈ ಎರಡನೆಯ ಆದರ್ಶಕ್ಕೆ ಯಾಂತ್ರಿಕ ವಸ್ತುನಿಷ್ಠತೆಯೆಂಬ ಅರ್ಥದ ಹೆಸರನ್ನಿತ್ತು, ಅದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದೀಚೆಗೆ ಬಲಗೊಂಡಿತೆಂದು ತೋರಿಸಿದ್ದಾರೆ. ಅವರು ಕೊಡುವ ಮತ್ತೊಂದು ಉದಾಹರಣೆ ಇಂಗ್ಲೆಂಡಿನ ಭೌತಶಾಸ್ತ್ರಜ್ಞ ಆರ್ಥರ್ ವರ್ದಿಂಗ್ಟನನದು. ಬೀಳುವ ಹನಿ ಸಿಡಿಯುವ ಬಗೆಯನ್ನು ಅವನು ಸುಮಾರು ಇಪ್ಪತ್ತು ವರ್ಷಗಳ ಕಾಲ ಕಣ್ಣಿನಿಂದ ಕಂಡು ಚಿತ್ರಿಸಿದ್ದನು. ಆ ಚಿತ್ರಗಳೆಲ್ಲವೂ ಸೌಷ್ಠವವುಳ್ಳವು. ೧೮೯೪ರಿಂದೀಚೆಗೆ ಅದೇ ಘಟನೆಯ ಛಾಯಾಚಿತ್ರಗಳು ದೊರೆತಾಗ ಅಸಮತೆಯೇ ಎಲ್ಲೆಡೆಯೂ ಕಂಡುಬಂತು. ಅಸಮವಾದ ಸಿಡಿತಗಳನ್ನು ತಾನು ಆಕಸ್ಮಿಕವೆಂದು ಬದಿಗಿಡುತ್ತ ಬಂದಿದ್ದೆನೆಂದು ಅವನು ಪ್ರಾಂಜಲವಾಗಿ ಒಪ್ಪಿಕೊಂಡನು. ಅಲ್ಲಿ ವಿಮರ್ಶಕನೂ ಅವನೇ, ವಿಮರ್ಶೆಗೆ ಗುರಿಯಾದವನೂ ಅವನೇ.

ಈ ವಿಷಯ ನಮ್ಮ ಶಾಸ್ತ್ರಕ್ಕೆ ದೂರವಾದುದಲ್ಲ. ಶಾಸನದ ಮಸುಕಾದ ಅಕ್ಷರಗಳ ಮೇಲೆ ಸೀಮೆಸುಣ್ಣ ತುಂಬಿ ಚಿತ್ರ ತೆಗೆದರೆ ಓದಲು ಸುಲಭವಾಗುತ್ತದೆ, ನಿಜ. ಆದರೆ ಆಗ ನಾವು ಓದುವುದು ಕಲ್ಲಿನ ಅಕ್ಷರವನ್ನೋ, ಸುಣ್ಣ ತುಂಬಿದವನ ಊಹೆಯನ್ನೋ ಹೇಳುವುದು ಕಷ್ಟ. ಶಾಸನಶಾಸ್ತ್ರದ ವಿದ್ಯಾರ್ಥಿಗಳು ಕಲ್ಲಿನ ಮೇಲೆ ಕಾಗದವನ್ನೊತ್ತಿ ತೆಗೆದ ಅಚ್ಚಿಗೆ ಬೆಲೆ ಕೊಡುವುದು ಈ ಕಾರಣದಿಂದಲೇ. ಹೆಲ್‌ಮಾನನ ಆಕ್ಷೇಪವನ್ನು ಬರಿಯ ಅಸೂಯೆಯೆಂದು ತಳ್ಳಿಹಾಕುವಂತಿಲ್ಲ.

೫

ಹಾಗಾದರೆ ಹೆಲ್‌ಮಾನನ ಪಕ್ಷವೇ ಗೆದ್ದಿತೆನ್ನಬಹುದೇ? ಈ ನಿರ್ಣಯಕ್ಕೆ ಬರುವ ಮೊದಲು ಛಾಯಾಚಿತ್ರವನ್ನು ಕುರಿತ ವಿಮರ್ಶೆಯಲ್ಲಿ ಮೂರು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಚಿತ್ರವನ್ನು ಚೆನ್ನಾಗಿ ತೆಗೆದಿದೆಯೇ ಎಂಬುದು ಮೊದಲನೆಯದು. ಇದು ಕೌಶಲದ ಪ್ರಶ್ನೆ. ತೆಗೆದ ಮೇಲೆ ಅದನ್ನು ಬದಲಿಸಿದೆಯೇ ಎಂಬುದು ಎರಡನೆಯದು. ಇದು ನಿಷ್ಠೆಯ ಪ್ರಶ್ನೆ. ತೆಗೆಯುವುದಕ್ಕೆ ಆರಿಸಿಕೊಂಡ ವಸ್ತು ತನ್ನ ಜಾತಿಯ ಉಳಿದವುಗಳನ್ನು ಎಷ್ಟರಮಟ್ಟಿಗೆ ಪ್ರತಿನಿಧಿಸುತ್ತದೆಂಬುದು ಮೂರನೆಯದು. ಇದು ಆಯ್ಕೆಯ ಪ್ರಶ್ನೆ.

ಕೌಶಲದಲ್ಲಿ ಬೆಂಟ್ಲಿಯದೇ ಮೇಲುಗೈ. ಎರಡನೆಯ ಪ್ರಶ್ನೆಯಲ್ಲಿ ಆಕ್ಷೇಪಕ್ಕೆ ಎಡೆಯಿತ್ತು. ಕೆರೆಯದ ಚಿತ್ರವನ್ನೂ ಕೆರೆದ ಚಿತ್ರವನ್ನೂ ಒಂದರ ಪಕ್ಕದಲ್ಲೊಂದು ಅಚ್ಚುಮಾಡಿ ಓದುಗನ ಮುಂದಿಡುವುದೇ ಅದಕ್ಕೆ ತಕ್ಕ ಉತ್ತರವಾಗುತ್ತಿತ್ತು. ಆದರೆ ಬೆಂಟ್ಲಿಯ ಹರಳುಗಳ ಸೌಷ್ಠವಕ್ಕೆ ಮುಖ್ಯ ಕಾರಣ ಕತ್ತಿಯಲ್ಲ, ಆಯ್ಕೆ. ಕಪ್ಪು ಹಲಗೆಯ ಮೇಲೆ ಬಿದ್ದ ಅಸಂಖ್ಯಾತ ಹರಳುಗಳಲ್ಲಿ ಸುಂದರವಾದುದನ್ನು ಅವನು ಎತ್ತಿಕೊಂಡನು; ಮುರಿದುದನ್ನೂ ವಿಕಾರವಾದುದನ್ನೂ ಬಹುಮಟ್ಟಿಗೆ ಬಿಟ್ಟನು. ಸೌಷ್ಠವವುಳ್ಳ ಹರಳುಗಳು ನಿಸರ್ಗದಲ್ಲಿ ನಿಜವಾಗಿಯೂ ಇವೆ. ಒಂದು ಹರಳಿನ ಆರು ಬಾಹುಗಳೂ ಒಂದೇ ದಾರಿಯಲ್ಲಿ ಒಟ್ಟಿಗೆ ಸಾಗಿಬಂದು, ಒಂದೇ ಬಗೆಯ ಶೈತ್ಯಕ್ಕೂ ತೇವಕ್ಕೂ ಒಳಗಾಗುವುದರಿಂದ ಅವು ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಬೆಳೆಯಬಲ್ಲವು. ಆದರೆ ಅಂಥವು ಅಪರೂಪ. ಹೀಗಾಗಿ ಬೆಂಟ್ಲಿಯ ಪ್ರತಿಯೊಂದು ಚಿತ್ರವೂ ನಿಜವಾಗಿದ್ದು, ಎಲ್ಲ ಚಿತ್ರಗಳೂ ಸೇರಿ ಕೊಡುವ ಕಲ್ಪನೆ ಮಾತ್ರ ತಪ್ಪಾಗಿರುವುದು ಸಾಧ್ಯ. ಕತ್ತಿಯ ಮೇಲೆ ಕಣ್ಣಿಟ್ಟ ವಿವಾದದಲ್ಲಿ ಈ ಹೆಚ್ಚಿನ ಅಂಶಕ್ಕೆ ಸಲ್ಲಬೇಕಾದ ಸ್ಥಾನ ಸಲ್ಲಲಿಲ್ಲ.

ಆ ಕೊರತೆಯನ್ನು ತುಂಬಿದವನು ಜಪಾನಿನ ಭೌತಶಾಸ್ತ್ರಜ್ಞ ಉಕಿಚಿರೊ ನಾಕಾಯ. ಬೆಂಟ್ಲಿಯ ಎರಡು ಸಾವಿರದ ನಾನೂರಕ್ಕೂ ಹೆಚ್ಚು ಚಿತ್ರಗಳನ್ನೊಳಗೊಂಡ ಗ್ರಂಥವು ಹಂಫ್ರೀಸನೆಂಬ ಭೌತಶಾಸ್ತ್ರಜ್ಞನ ಸಹಯೋಗದೊಡನೆ ೧೯೩೧ರಲ್ಲಿ, ಬೆಂಟ್ಲಿಯ ಮರಣಕ್ಕೆ ಸ್ವಲ್ಪ ಮೊದಲು, ಪ್ರಕಟವಾಯಿತು. ಅದರಿಂದ ಸ್ಫೂರ್ತಿ ಪಡೆದ ನಾಕಾಯ ಹೊಕ್ಕೈಡೊ ದ್ವೀಪದಲ್ಲಿ ಬೀಳುವ ಹಿಮವನ್ನು ಪರೀಕ್ಷಿಸತೊಡಗಿದನು. ಸುಂದರವಾದ ಹರಳುಗಳನ್ನೇ ಅರಸದೆ, ಸೂಜಿ, ಸ್ತಂಭ, ಗುಂಡು, ಅಸಮ ಹರಳು ಇವೆಲ್ಲವನ್ನೂ ಚಿತ್ರಿಸಿ ವರ್ಗೀಕರಿಸಿದನು. ವಿಕಾರವಾದ ಹರಳುಗಳೇ ಹೆಚ್ಚೆಂಬುದು ಆಗ ಸ್ಪಷ್ಟವಾಯಿತು. ೧೯೩೬ರಲ್ಲಿ ಶೀತಲ ಪ್ರಯೋಗಶಾಲೆಯಲ್ಲಿ ಮೊಲದ ಕೂದಲಿನ ತುದಿಯ ಮೇಲೆ ಕೃತಕವಾಗಿ ಹರಳನ್ನು ಬೆಳೆಸಿ, ಯಾವ ಉಷ್ಣತೆಯಲ್ಲಿ, ಎಷ್ಟು ತೇವದಲ್ಲಿ ಯಾವ ಆಕಾರ ಹುಟ್ಟುತ್ತದೆಂಬುದನ್ನು ನಿರ್ಣಯಿಸುವ ಮಾರ್ಗವನ್ನು ತೆರೆದನು. ಅವನ ಶೋಧನೆಗಳ ಸಮಗ್ರ ಗ್ರಂಥ ೧೯೫೪ರಲ್ಲಿ ಇಂಗ್ಲಿಷಿನಲ್ಲಿ ಬಂತು. ಹರಳಿನ ಆಕಾರದಿಂದ ಮೋಡದ ಸ್ಥಿತಿಯನ್ನು ತಿಳಿಯಬಹುದೆಂಬ ಬೆಂಟ್ಲಿಯ ವಾದಕ್ಕೆ ಗಟ್ಟಿಯಾದ ಆಧಾರ ದೊರೆತದ್ದೂ ಇಲ್ಲಿಯೇ. ಬೆಂಟ್ಲಿಯ ಕೊರತೆಯನ್ನು ತೋರಿಸಿದವನೇ ಅವನ ಮುಖ್ಯವಾದ ಊಹೆಯನ್ನು ಉಳಿಸಿಕೊಟ್ಟನು. ವಿಮರ್ಶೆಯ ಅತ್ಯುತ್ತಮ ಫಲ ಯಾವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

೬

ಹೆಲ್‌ಮಾನನ ಮಾತಿನಲ್ಲಿ ಸತ್ಯಾಂಶವಿದ್ದೂ ಅದು ಬೆಂಟ್ಲಿಯ ಮೇಲೆ ಏಕೆ ಪರಿಣಾಮ ಮಾಡಲಿಲ್ಲ? ಬೆಂಟ್ಲಿಯ ಹಟವೊಂದೇ ಕಾರಣವೆನ್ನುವುದು ಸರಿಯಲ್ಲ. ವಿಮರ್ಶೆ ನಡೆದ ಸನ್ನಿವೇಶವನ್ನೂ ಗಮನಿಸಬೇಕು. ಅದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಬೇರೊಂದು ಪದ್ಧತಿ ರೂಢಿಯಲ್ಲಿತ್ತು. ಅಲ್ಲಿ ೧೮೯೯ರಲ್ಲಿ ಪ್ರಾರಂಭವಾದ ಪ್ರಾಣಿ ಛಾಯಾಗ್ರಾಹಕರ ಸಂಘವೊಂದರ ಸದಸ್ಯರು ತಮ್ಮ ಚಿತ್ರಗಳನ್ನು ಅಂಚೆಯ ಮೂಲಕ ಒಬ್ಬರಿಂದ ಒಬ್ಬರಿಗೆ ಕಳುಹಿಸುತ್ತಿದ್ದರು. ಪ್ರತಿಯೊಬ್ಬನೂ ಉಳಿದವರ ಚಿತ್ರಗಳನ್ನು ಕುರಿತು ತನ್ನ ಅಭಿಪ್ರಾಯವನ್ನು ಬರೆದು ಮುಂದಕ್ಕೆ ಸಾಗಿಸುತ್ತಿದ್ದನು. ಇದರಲ್ಲಿ ಎರಡು ಗುಣಗಳಿವೆ. ದೋಷ ಹೇಳುವವನ ಚಿತ್ರವೂ ಅದೇ ಕಟ್ಟಿನಲ್ಲಿ ಪರೀಕ್ಷೆಗೆ ಒಳಗಾಗಿರುತ್ತದೆ. ಮತ್ತು ಹೇಳಿದ ಮಾತು ಲಿಖಿತವಾಗಿ ಎಲ್ಲರ ಕಣ್ಣಿಗೂ ಬೀಳುವುದರಿಂದ ಅದಕ್ಕೆ ಹೊಣೆಗಾರಿಕೆ ಇರುತ್ತದೆ. ಬೆಂಟ್ಲಿಗಾದರೋ ಇಂಥ ಸಹೋದ್ಯೋಗಿಗಳ ಗೋಷ್ಠಿ ದೊರೆಯಲಿಲ್ಲ. ಮೊದಲು ದೀರ್ಘಕಾಲದ ಮೌನ, ಅನಂತರ ಪ್ರಶಂಸೆ, ಆಮೇಲೆ ಏಕಾಏಕಿಯಾಗಿ ಆತನ ಪ್ರಾಮಾಣಿಕತೆಯನ್ನೇ ಸಂದೇಹಿಸುವ ಮಾತು. ಇವು ಅವನ ಪಾಲಿಗೆ ಬಂದುವು. ಕೆಲಸದ ದೋಷವನ್ನು ತೋರಿಸುವ ಮಾತು ಕೆಲಸಗಾರನ ಶೀಲದ ಮೇಲಿನ ಆರೋಪವಾದೊಡನೆ, ಕೇಳುವವನು ವಿದ್ಯಾರ್ಥಿಯಾಗಿ ಉಳಿಯದೆ ಪ್ರತಿವಾದಿಯಾಗುತ್ತಾನೆ. ಪ್ರತಿವಾದಿಯು ತನ್ನನ್ನು ಸಮರ್ಥಿಸಿಕೊಳ್ಳುವನೇ ಹೊರತು ತಿದ್ದಿಕೊಳ್ಳಲಾರನು.

ಬೆಂಟ್ಲಿಯ ಕತ್ತಿಯ ಪ್ರಶ್ನೆ ಇಂದಿಗೂ ತೀರಿದಂತಿಲ್ಲ. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟ, ಅಮೆರಿಕದ ಛಾಯಾಗ್ರಹಣ ಸಂಘ, ಬ್ರಿಟನ್ನಿನ ರಾಯಲ್ ಸಂಘ ಈ ಮೂರೂ ಕೂಡಿ ನಿಸರ್ಗ ಛಾಯಾಚಿತ್ರಕ್ಕೆ ಒಂದು ಸಮಾನ ಲಕ್ಷಣವನ್ನು ಗೊತ್ತುಪಡಿಸಿ ೨೦೧೫ರಿಂದ ಜಾರಿಗೆ ತಂದುವು. ಅಂಚುಗಳನ್ನು ಕತ್ತರಿಸುವುದರ ಹೊರತು ಚಿತ್ರದ ಅಂಶಗಳನ್ನು ಸೇರಿಸುವುದಾಗಲಿ, ಸ್ಥಳಾಂತರಿಸುವುದಾಗಲಿ, ತೆಗೆಯುವುದಾಗಲಿ ಕೂಡದು. ಧೂಳಿನ ಚುಕ್ಕೆಗಳಂಥ ಯಂತ್ರದೋಷಗಳನ್ನು ನೀಗಬಹುದು. ಹತ್ತಿರದ ಚಿತ್ರಗಳಲ್ಲಿ ಬೇರೆ ಬೇರೆ ದೂರಗಳಿಗೆ ಹೊಂದಿಸಿ ತೆಗೆದ ಹಲವು ಚಿತ್ರಗಳನ್ನು ಕೂಡಿಸಿ ಒಂದು ಸ್ಫುಟವಾದ ಚಿತ್ರವನ್ನು ಪಡೆಯಬಹುದು ಎಂಬುದು ಅದರ ತಾತ್ಪರ್ಯ. ಬೆಂಗಳೂರಿನ ಸಂಘಗಳು ಈ ಸಂಸ್ಥೆಗಳ ಮನ್ನಣೆಯೊಡನೆ ನಡೆಸುವ ಪ್ರದರ್ಶನಗಳಿಗೆ ಚಿತ್ರ ಕಳುಹಿಸುವ ನಮ್ಮ ಹವ್ಯಾಸಿಗಳಿಗೂ ಈ ನಿಯಮ ಪರಿಚಿತವಾದುದೇ. ಬೆಂಟ್ಲಿ ಕೆರೆದ ಹಿನ್ನೆಲೆಯನ್ನು ಇದರ ಪ್ರಕಾರ ಯಂತ್ರದೋಷದ ನಿವಾರಣೆಯೆನ್ನಬೇಕೇ, ಚಿತ್ರಾಂಶದ ನಾಶವೆನ್ನಬೇಕೇ ಎಂಬುದನ್ನು ಇಬ್ಬರು ತೀರ್ಪುಗಾರರು ಎರಡು ಬಗೆಯಾಗಿ ಹೇಳಬಹುದು.

ಆದರೆ ಇಂಥ ನಿಯಮಗಳು ಉತ್ತರಿಸುವುದು ಎರಡನೆಯ ಪ್ರಶ್ನೆಗೆ ಮಾತ್ರ. ನೂರು ಚಿಟ್ಟೆಗಳಲ್ಲಿ ರೆಕ್ಕೆ ಹರಿಯದ ಒಂದನ್ನೇ ಆರಿಸಿ ತೆಗೆದವನನ್ನು ಯಾವ ನಿಯಮವೂ ತಡೆಯಲಾರದು, ತಡೆಯಬೇಕಾಗಿಯೂ ಇಲ್ಲ. ಆ ಚಿತ್ರದಿಂದ ಚಿಟ್ಟೆಗಳೆಲ್ಲವೂ ಹೀಗೆಯೇ ಇರುತ್ತವೆಂಬ ನಿರ್ಣಯಕ್ಕೆ ಬರುವವನನ್ನು ಎಚ್ಚರಿಸುವ ಕೆಲಸ ಮಾತ್ರ ವಿಮರ್ಶಕನದು. ಎಷ್ಟರಲ್ಲಿ ಇದನ್ನು ಆರಿಸಿದಿರಿ, ಬಿಟ್ಟವು ಯಾವುವು, ಏಕೆ ಬಿಟ್ಟಿರಿ ಎಂಬ ಪ್ರಶ್ನೆಯಲ್ಲಿ ಆರೋಪವಿಲ್ಲ. ಉತ್ತರಿಸುವವನಿಗೆ ಅವಮಾನವೂ ಇಲ್ಲ. ಬೆಂಟ್ಲಿಗೆ ಈ ಪ್ರಶ್ನೆಯನ್ನು ಸಕಾಲದಲ್ಲಿ ಹಾಕಿದ್ದರೆ, ಹವೆಯ ಸ್ಥಿತಿಗತಿಗಳನ್ನು ಅಷ್ಟು ನಿಷ್ಠೆಯಿಂದ ಗುರುತುಹಾಕಿಕೊಳ್ಳುತ್ತಿದ್ದ ಆತನು ತಾನು ಬಿಟ್ಟ ಹರಳುಗಳ ಲೆಕ್ಕವನ್ನೂ ಇಡುತ್ತಿದ್ದನೆಂದು ಊಹಿಸಲು ಅವಕಾಶವಿದೆ.

ಚರಿತ್ರೆಯ ಬೋಧಕರೂ ವಿದ್ಯಾರ್ಥಿಗಳೂ ಈ ಪ್ರಸಂಗದಿಂದ ಪಡೆಯಬಹುದಾದುದು ಇದೇ. ನಮಗೆ ಒದಗುವ ಆಧಾರಗಳೂ ಆಯ್ಕೆಯ ಜರಡಿಯನ್ನು ದಾಟಿ ಬಂದವುಗಳು. ಕಲ್ಲಿನಲ್ಲಿ ಕೆತ್ತಿದ ದಾನ ಉಳಿಯಿತು. ಮಾತಿನಲ್ಲಿ ನಡೆದ ವ್ಯವಹಾರ ಅಳಿಯಿತು. ಆಧಾರ ಕೃತಕವೇ ಎಂದು ಕೇಳುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಕೃತಕವಲ್ಲದ ಆಧಾರವೂ ಎಷ್ಟರ ಪ್ರತಿನಿಧಿಯೆಂದು ಕೇಳುವುದು ಅದಕ್ಕಿಂತ ಕಷ್ಟವಾದ ಅಭ್ಯಾಸ. ವಿದ್ಯಾರ್ಥಿಯ ಪ್ರಬಂಧವನ್ನು ತಿದ್ದುವಾಗಲೂ, ಸಹೋದ್ಯೋಗಿಯ ಸಂಶೋಧನೆಯನ್ನು ಪರಾಮರ್ಶಿಸುವಾಗಲೂ ಈ ಎರಡನೆಯ ಪ್ರಶ್ನೆಯನ್ನು ಮೊದಲು ಕೇಳುವುದು ಲೇಸು. ಅದು ಬರೆದವನ ಮಾನವನ್ನು ಉಳಿಸಿಕೊಂಡು ಬರೆಹವನ್ನು ಪರೀಕ್ಷಿಸುತ್ತದೆ.